ವೀಸಾದ ಒಂದು ಸಾಲು, ನನ್ನ ಹೆರಿಗೆ ವೇತನ

ಇಂಗ್ಲೆಂಡಿಗೆ ಕೆಲಸದ ವೀಸಾದಲ್ಲಿ ಬಂದ ನಮ್ಮಂಥವರ ದಾಖಲೆಯಲ್ಲಿ ಒಂದು ಷರತ್ತು ತಪ್ಪದೆ ಇರುತ್ತದೆ: ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’. ಇಲ್ಲಿನ ಸರ್ಕಾರ ಕೊಡುವ ಕೆಲವು ನೆರವಿನ ಹಣವನ್ನು ನೀವು ಕೇಳುವಂತಿಲ್ಲ ಎಂಬುದು ಅದರ ತಾತ್ಪರ್ಯ. ಪ್ಲಾಸ್ಟಿಕ್ ಕಾರ್ಡುಗಳ ಕಾಲದಲ್ಲಿ ಅದನ್ನು ಕಾರ್ಡಿನ ಮೇಲೆಯೇ ಅಚ್ಚು ಹಾಕುತ್ತಿದ್ದರು. 2024ರ ಕೊನೆಗೆ ಕಾರ್ಡುಗಳ ಅವಧಿ ಮುಗಿದು ಎಲ್ಲವೂ ಆನ್‌ಲೈನ್ ಇ-ವೀಸಾ ಆದ ಮೇಲೂ ಆ ಷರತ್ತು ಹೋಗಿಲ್ಲ. ಅದರೊಳಗೆ ಏನೇನು ಸೇರಿದೆ, ಏನು ಸೇರಿಲ್ಲ ಎಂದು ಓದಿ ನೋಡುವವರು ಕಡಿಮೆ. ಕಾನೂನು ಹಾಕಿದ ಬೇಲಿಗಿಂತ ಭಯ ಹಾಕಿದ ಬೇಲಿಯೇ ದೊಡ್ಡದಾಗಿ, ನ್ಯಾಯವಾಗಿ ಸಲ್ಲಬೇಕಾದದ್ದನ್ನೂ ಬಿಟ್ಟುಕೊಟ್ಟವರನ್ನು ನಾನು ಕಂಡಿದ್ದೇನೆ. ನನ್ನ ಹೆರಿಗೆ ವೇತನವೂ ಹಾಗೆಯೇ ಕೈ ತಪ್ಪುವುದರಲ್ಲಿತ್ತು.

ನಾನು ತೀರ್ಥಹಳ್ಳಿ ಕಡೆಯವಳು. 2023ರಲ್ಲಿ ಹಿರಿಯರ ಆರೈಕೆ ಮಾಡುವ ಕೇರ್ ವರ್ಕರ್ ಆಗಿ ಲೆಸ್ಟರ್‌ಗೆ ಬಂದೆ. ಯಜಮಾನರು ನನ್ನ ಅವಲಂಬಿತರ ವೀಸಾದಲ್ಲಿ ಬಂದು ಒಂದು ಗೋದಾಮಿನಲ್ಲಿ ಕೆಲಸಕ್ಕೆ ಸೇರಿದರು. 2024ರ ಮಾರ್ಚ್ 11ರ ನಂತರ ಈ ಕೆಲಸಕ್ಕೆ ಅರ್ಜಿ ಹಾಕಿದವರು ಸಂಸಾರವನ್ನು ಕರೆತರುವಂತಿಲ್ಲ. ನಾವು ಅದಕ್ಕೆ ಮೊದಲೇ ಬಂದಿದ್ದರಿಂದ ಒಂದೇ ಸೂರಿನಡಿ ಇದ್ದೇವೆ. ಬರುವಾಗ ಏಜೆಂಟರಿಗೆ ಕೊಟ್ಟ ಹಣಕ್ಕಾಗಿ ಅಮ್ಮನ ಬಳೆಗಳು ಸಹಕಾರ ಸಂಘದಲ್ಲಿ ಅಡವಿದ್ದವು. ಈ ಮಾತನ್ನು ಏಕೆ ಹೇಳುತ್ತೇನೆಂದರೆ, ಬಳೆ ಅಡವಿಟ್ಟು ಬಂದವರು ಮ್ಯಾನೇಜರ್ ಎದುರು ನಿಂತು ಮಾತನಾಡುವ ರೀತಿಯೇ ಬೇರೆ.

ಬಸುರಿ ಎಂದು ತಿಳಿದದ್ದು 2025ರ ಆರಂಭದಲ್ಲಿ. ಇನ್ನೂ ಕೆಲವು ವಾರ ಸುಮ್ಮನಿರೋಣ ಎಂದುಕೊಂಡರೂ ನಮ್ಮ ಕೆಲಸ ಅದಕ್ಕೆ ಬಿಡುವುದಿಲ್ಲ. ಹಾಸಿಗೆ ಹಿಡಿದ ಹಿರಿಯರನ್ನು ಯಂತ್ರದ ಜೋಲಿಯಲ್ಲಿ ಕೂರಿಸಿ ಎತ್ತಬೇಕು, ಮಗ್ಗುಲು ಬದಲಿಸಬೇಕು, ಸ್ನಾನದ ಕುರ್ಚಿ ತಳ್ಳಬೇಕು. ಮರೆವಿನ ಕಾಯಿಲೆ ಇರುವ ಅಜ್ಜ ಗಾಬರಿಯಾದರೆ ಮೊಣಕೈಯಿಂದ ತಿವಿಯುವುದೂ ಉಂಟು. ಹಾಗಾಗಿ ಮ್ಯಾನೇಜರ್‌ಗೆ ಬೇಗನೆ ತಿಳಿಸಿದೆ. ಬಸುರಿ ಕೆಲಸಗಾರ್ತಿಗೆ ಅಪಾಯ ತರುವ ಕೆಲಸಗಳನ್ನು ಗುರುತಿಸಿ ಬದಲಿಸುವುದು ಇಲ್ಲಿ ಮಾಲೀಕರ ಕರ್ತವ್ಯ. ಆ ವಿಷಯದಲ್ಲಿ ಆಕೆ ಚೆನ್ನಾಗಿಯೇ ನಡೆದುಕೊಂಡರು. ಎತ್ತುವ ಕೆಲಸ ತಪ್ಪಿಸಿ, ಊಟ ಮಾಡಿಸುವ ಮತ್ತು ದಾಖಲೆ ಬರೆಯುವ ಕಡೆಗೆ ಹಾಕಿದರು.

ವೇತನದ ಮಾತು ಬಂದಾಗ ಮಾತ್ರ ಅವರ ದನಿ ಬದಲಾಯಿತು. ‘ರಜೆ ಬೇಕಾದಷ್ಟು ತೆಗೆದುಕೋ. ಆದರೆ ಹಣ ಸಿಗುವುದಿಲ್ಲ. ನಿನ್ನ ವೀಸಾದಲ್ಲಿ ಸರ್ಕಾರದ ಹಣ ಮುಟ್ಟುವಂತಿಲ್ಲ ಎಂದು ಬರೆದಿದೆ. ಮುಟ್ಟಿದರೆ ತೊಂದರೆ ನಿನಗೇ’ ಎಂದರು. ಗದರಿಸಿ ಹೇಳಲಿಲ್ಲ. ನನ್ನ ಒಳ್ಳೆಯದಕ್ಕೇ ಹೇಳುತ್ತಿರುವವರಂತೆ ಹೇಳಿದರು. ಅದು ಇನ್ನೂ ಕಷ್ಟ. ಗದರಿಸಿದವರಿಗೆ ಎದುರು ಹೇಳಬಹುದು, ಅಕ್ಕರೆಯಿಂದ ಇಲ್ಲ ಎಂದವರಿಗೆ ಏನು ಹೇಳುವುದು?

ನಾನು ಕೆಲಸ ಮಾಡುವ ಸಂಸ್ಥೆಯೇ ನನ್ನ ಸ್ಪಾನ್ಸರ್, ಅಂದರೆ ನನ್ನ ವೀಸಾ ನಿಂತಿರುವುದೇ ಅವರು ಕೊಟ್ಟ ಕೆಲಸದ ಮೇಲೆ. ಸ್ಪಾನ್ಸರ್‌ಶಿಪ್ ನಿಂತರೆ ಇಲ್ಲಿನ ಗೃಹ ಇಲಾಖೆಯಾದ ಹೋಮ್ ಆಫೀಸ್ ಸಾಮಾನ್ಯವಾಗಿ 60 ದಿನ ಕೊಡುತ್ತದೆ. ಅಷ್ಟರಲ್ಲಿ ಬೇರೆ ಸ್ಪಾನ್ಸರ್ ಸಿಗದಿದ್ದರೆ ಊರಿಗೆ ಹೊರಡಬೇಕು. ಇದೇ ಸಮಯಕ್ಕೆ, 2025ರ ಮೇ ತಿಂಗಳಲ್ಲಿ, ಇಲ್ಲಿನ ಸರ್ಕಾರ ವಲಸೆ ಕುರಿತ ಶ್ವೇತಪತ್ರ ಹೊರಡಿಸಿ, ಶಾಶ್ವತವಾಗಿ ನೆಲೆಸಲು ಬೇಕಾದ ಅವಧಿಯನ್ನು 5 ವರ್ಷದಿಂದ 10 ವರ್ಷಕ್ಕೆ ಏರಿಸುವ ಪ್ರಸ್ತಾಪ ಮುಂದಿಟ್ಟಿತು. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನವಿಡೀ ಅದೇ ಚರ್ಚೆ. ಯಾವುದೇ ಹಣ ತೆಗೆದುಕೊಂಡರೂ ಕಪ್ಪುಪಟ್ಟಿಗೆ ಸೇರಿಸುತ್ತಾರೆ ಎಂದು ಒಬ್ಬರು ಬರೆದರೆ, ಹೆರಿಗೆ ಆಸ್ಪತ್ರೆಯ ಬಿಲ್ಲೂ ಬರುತ್ತದೆ ಎಂದು ಇನ್ನೊಬ್ಬರು. ಎರಡೂ ಸುಳ್ಳು. ಆದರೆ ಆ ಹೊತ್ತಿಗೆ ಸುಳ್ಳೆಂದು ಹೇಳುವವರು ಗುಂಪಿನಲ್ಲಿ ಯಾರೂ ಇರಲಿಲ್ಲ.

‘ಬಿಡು, ಆ ದುಡ್ಡೇ ಬೇಡ. ನಾನು ರಾತ್ರಿ ಪಾಳಿ ಹೆಚ್ಚು ಮಾಡುತ್ತೇನೆ’ ಎಂದರು ಯಜಮಾನರು. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳ ಪ್ರಶ್ನೆ ಒಂದೇ: ‘ಬರೆದು ಕೊಟ್ಟಿದ್ದಾರೇನೇ?’ ಅಮ್ಮ ಅಂಗನವಾಡಿ ಕಾರ್ಯಕರ್ತೆ. ಬಸುರಿಯರ ತೂಕ, ಚುಚ್ಚುಮದ್ದು, ಮಾತೃಪೂರ್ಣದ ಊಟ, ಎಲ್ಲವನ್ನೂ ವಹಿಯಲ್ಲಿ ಬರೆದು ಸಹಿ ಹಾಕಿಸಿಯೇ ಅವಳ ಅರ್ಧ ಆಯುಷ್ಯ ಕಳೆದಿದೆ. ‘ಬಾಯಿಮಾತಿನಲ್ಲಿ ಇಲ್ಲ ಎಂದದ್ದು ಇಲ್ಲ ಎಂದು ಲೆಕ್ಕವೇ ಅಲ್ಲ. ಕಾಗದ ಕೇಳು’ ಎಂದಳು. ಇಂಗ್ಲೆಂಡಿನ ಕಾನೂನು ಅವಳಿಗೆ ಒಂದಕ್ಷರವೂ ಗೊತ್ತಿಲ್ಲ. ಆದರೂ ಮುಂದೆ ನನಗೆ ಯಾರು ಯಾರು ಸಲಹೆ ಕೊಟ್ಟರೋ ಅವರೆಲ್ಲ ಕೊನೆಗೆ ಬಂದು ನಿಂತದ್ದು ಇದೇ ಮಾತಿಗೆ.

ಯುಗಾದಿ ಕಾರ್ಯಕ್ರಮದಲ್ಲಿ ಪರಿಚಯವಾಗಿದ್ದ ದಾವಣಗೆರೆಯ ಅಕ್ಕ ಒಬ್ಬರು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಅವರಿಗೆ ಫೋನ್ ಮಾಡಿದೆ. ‘ನನ್ನ ವಾರ್ಡಿನಲ್ಲಿ ಇದೇ ಥರದ ವೀಸಾದವರು ಹೆರಿಗೆ ವೇತನ ತೆಗೆದುಕೊಂಡಿದ್ದಾರಲ್ಲಮ್ಮ, ಯಾರಿಗೂ ಏನೂ ಆಗಿಲ್ಲ. ಆದರೆ ನನ್ನ ಮಾತು ನಂಬಿ ಕೂರಬೇಡ, ಸಿಟಿಜನ್ಸ್ ಅಡ್ವೈಸ್‌ಗೆ ಹೋಗು’ ಎಂದರು. ಹೆಸರಿನಲ್ಲಿ ‘ಸಿಟಿಜನ್’ ಇದೆಯಲ್ಲ, ನಮ್ಮಂಥವರನ್ನು ಒಳಗೆ ಬಿಡುತ್ತಾರೆಯೇ ಎಂದು ಕೇಳಿದೆ. ಪೌರತ್ವ ಇರಲಿ ಬಿಡಲಿ, ಯಾರು ಬೇಕಾದರೂ ಹೋಗಬಹುದು, ಶುಲ್ಕವಿಲ್ಲ, ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂದು ವಿವರಿಸಿದರು. 1939ರಲ್ಲಿ ಎರಡನೆಯ ಮಹಾಯುದ್ಧ ಶುರುವಾದಾಗ ಕಂಗಾಲಾದ ಜನರಿಗೆ ದಾರಿ ತೋರಿಸಲು ಹುಟ್ಟಿಕೊಂಡ ಸಂಸ್ಥೆ ಅದು. ಇಂದಿಗೂ ಅಲ್ಲಿ ಸ್ವಯಂಸೇವಕರು ದೊಡ್ಡ ಸಂಖ್ಯೆಯಲ್ಲಿ ದುಡಿಯುತ್ತಾರೆ.

ಫೋನಿನಲ್ಲಿ ಸಾಕಷ್ಟು ಹೊತ್ತು ಕಾದು, ಮುಖಾಮುಖಿ ಭೇಟಿಗೆ ಸಮಯ ಪಡೆದೆ. ದುಭಾಷಿ ಬೇಕೇ ಎಂದು ಅವರೇ ಕೇಳಿದರು. ಕೆಲಸದ ಇಂಗ್ಲಿಷ್ ನನಗೆ ಬರುತ್ತದೆ, ಆದರೆ ಕಾನೂನಿನ ಇಂಗ್ಲಿಷ್ ಬೇರೆ. ಅರ್ಧ ಅರ್ಥವಾಗದೆ ತಲೆಯಾಡಿಸಿ ಬರುವುದು ಬೇಡ ಎಂದು ಹೌದು ಎಂದೆ. ಭೇಟಿಯ ದಿನ ಮೇಜಿನ ಮೇಲಿನ ಸ್ಪೀಕರ್ ಫೋನಿನಿಂದ ಧಾರವಾಡ ಕಡೆಯ ಹೆಂಗಸಿನ ದನಿ ‘ನಮಸ್ಕಾರ್ರೀ’ ಎಂದಿತು. ಇಂಗ್ಲೆಂಡಿನ ಕಚೇರಿಯೊಂದರಲ್ಲಿ ಕುಳಿತು ನನ್ನ ಸಮಸ್ಯೆಯನ್ನು ಕನ್ನಡದಲ್ಲಿ ಹೇಳಿಕೊಳ್ಳಬಹುದು ಎಂದು ನನಗೆ ಯಾರಾದರೂ ಮೊದಲೇ ತಿಳಿಸಿದ್ದರೆ ಅಷ್ಟು ನಿದ್ದೆಗೆಡುತ್ತಿರಲಿಲ್ಲ.

ಸಲಹೆಗಾರ್ತಿ ವಯಸ್ಸಾದ ಹೆಂಗಸು. ನನ್ನ ಪೇ ಸ್ಲಿಪ್ಪುಗಳನ್ನು ದಿನಾಂಕದ ಪ್ರಕಾರ ಜೋಡಿಸಿಕೊಂಡರು. ಆಮೇಲೆ ಸರ್ಕಾರದ ಜಾಲತಾಣದಿಂದ ಒಂದು ಪಟ್ಟಿಯನ್ನು ಮುದ್ರಿಸಿ, ಅದನ್ನು ನನ್ನ ಕಡೆಗೆ ತಿರುಗಿಸಿ, ಪೆನ್ನಿನ ತುದಿಯಿಂದ ಒಂದೊಂದೇ ಸಾಲು ತೋರಿಸುತ್ತಾ ಹೋದರು. ಆದಾಯ ಸಾಲದವರಿಗೆ ಕೊಡುವ ಯೂನಿವರ್ಸಲ್ ಕ್ರೆಡಿಟ್, ಮಕ್ಕಳ ಖರ್ಚಿಗೆ ಕೊಡುವ ಚೈಲ್ಡ್ ಬೆನಿಫಿಟ್, ಮನೆ ಬಾಡಿಗೆಗೆ ಕೊಡುವ ಹೌಸಿಂಗ್ ಬೆನಿಫಿಟ್, ಸ್ಥಳೀಯ ಆಡಳಿತವಾದ ಕೌನ್ಸಿಲ್‌ನ ತೆರಿಗೆಯಲ್ಲಿ ಕಡಿಮೆ ಆದಾಯದವರಿಗೆ ಕೊಡುವ ಕಡಿತ, ಅಂಗವೈಕಲ್ಯದ ಭತ್ಯೆ, ಆದಾಯ ಕಡಿಮೆ ಇರುವ ಹಿರಿಯರ ಪೆನ್ಷನ್ ಕ್ರೆಡಿಟ್, ಕೌನ್ಸಿಲ್ ಮನೆ. ಇವು ನನಗಿಲ್ಲ. ಪಟ್ಟಿ ಮುಗಿಯಿತು. ‘ಇದರಲ್ಲಿ ಹೆರಿಗೆ ವೇತನ ಎಲ್ಲಿದೆ, ಹುಡುಕಿ’ ಎಂದರು. ನಾನು ಮೇಲಿನಿಂದ ಕೆಳಕ್ಕೆ ಹುಡುಕಿದೆ. ಇರಲಿಲ್ಲ.

ಸ್ಟ್ಯಾಚುಟರಿ ಮೆಟರ್ನಿಟಿ ಪೇ ಎಂಬ ಶಾಸನಬದ್ಧ ಹೆರಿಗೆ ವೇತನ ದುಡಿಮೆಯಿಂದ ಬರುವ ಹಕ್ಕು. ಹೆರಿಗೆಯ ಅಂದಾಜು ವಾರಕ್ಕೆ 15 ವಾರ ಮೊದಲು ಅದೇ ಮಾಲೀಕರ ಬಳಿ ಕನಿಷ್ಠ 26 ವಾರ ಸತತವಾಗಿ ಕೆಲಸ ಮಾಡಿರಬೇಕು. ವಾರದ ಸರಾಸರಿ ಸಂಬಳ 2025-26ರಲ್ಲಿ ಕನಿಷ್ಠ 125 ಪೌಂಡ್ ಇರಬೇಕಿತ್ತು. ನನಗೆ ಎರಡೂ ಧಾರಾಳವಾಗಿ ಇದ್ದವು. ಕೊಡುವುದು ಒಟ್ಟು 39 ವಾರ: ಮೊದಲ 6 ವಾರ ಸರಾಸರಿ ಸಂಬಳದ ಶೇ 90, ಉಳಿದ 33 ವಾರ ವಾರಕ್ಕೆ (2025-26ರ ದರದಂತೆ) 187.18 ಪೌಂಡ್ ಅಥವಾ ಶೇ 90, ಯಾವುದು ಕಡಿಮೆಯೋ ಅದು. ಸಂಬಳದಂತೆಯೇ ಮಾಲೀಕರ ಮೂಲಕ ಬರುತ್ತದೆ, ತೆರಿಗೆಯೂ ಕಡಿತವಾಗುತ್ತದೆ. ಆ ಅವಧಿ ತಲುಪದ ಕೆಲಸಗಾರ್ತಿಯರಿಗೆ ಮೆಟರ್ನಿಟಿ ಅಲೋವೆನ್ಸ್ ಎಂಬ ಇನ್ನೊಂದು ದಾರಿ ಇದೆ, ಅದೂ ಪಟ್ಟಿಯಲ್ಲಿಲ್ಲ. ಅಪ್ಪನಾಗುವವರ ಎರಡು ವಾರದ ಪಿತೃತ್ವ ವೇತನವೂ ಆ ಪಟ್ಟಿಯಲ್ಲಿಲ್ಲ. ನಾನು ಪಕ್ಕದಲ್ಲಿ ಕುಳಿತಿದ್ದ ಯಜಮಾನರ ಮುಖ ನೋಡಿದೆ. ತಮಗೂ ಏನಾದರೂ ಸಲ್ಲಬಹುದು ಎಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ನನ್ನನ್ನು ಹೆಚ್ಚು ಕೆರಳಿಸಿದ್ದು ಮುಂದಿನ ಮಾತು. ಮಾಲೀಕರು ಕೊಟ್ಟ ಹೆರಿಗೆ ವೇತನದಲ್ಲಿ ಶೇ 92ರಷ್ಟನ್ನು ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಯಿಂದ ವಾಪಸು ಪಡೆಯುತ್ತಾರೆ. ಸಣ್ಣ ಸಂಸ್ಥೆಯಾದರೆ, 2025-26ರಲ್ಲಿ, ಶೇ 108.5. ಅಂದರೆ ಸಣ್ಣ ಮಾಲೀಕರಿಗೆ ಕೈಯಿಂದ ಏನೂ ಹೋಗುವುದಿಲ್ಲ, ಕೊಟ್ಟದ್ದಕ್ಕಿಂತ ಹೆಚ್ಚೇ ಬರುತ್ತದೆ. ಹಾಗಿದ್ದೂ ವಿಚಾರಿಸದೆ ಇಲ್ಲ ಎಂದುಬಿಡುವುದು ಎಷ್ಟು ಸುಲಭ! ಆ ಒಂದು ‘ಇಲ್ಲ’ದಿಂದ ಬಾಣಂತಿಯೊಬ್ಬಳು ಹಸಿ ಮೈಯಲ್ಲಿ ಕೆಲಸಕ್ಕೆ ಮರಳಬೇಕಾಗುತ್ತದೆ ಎಂಬುದು ಕಚೇರಿಯಲ್ಲಿ ಕುಳಿತವರಿಗೆ ಕಾಣುವುದಿಲ್ಲ.

ಇನ್ನೊಂದು ಭಯ ಉಳಿದಿತ್ತು. ಇಷ್ಟು ದಿನ ರಜೆ ಹಾಕಿ, ಸಂಬಳ ಕಡಿಮೆಯಾದರೆ ಸ್ಪಾನ್ಸರ್‌ಶಿಪ್ ಹೋಗುವುದಿಲ್ಲವೇ? ವೀಸಾದ ಪ್ರಶ್ನೆಗೆ ಉತ್ತರ ಕೊಡಲು ಇಲ್ಲಿ ಪ್ರತ್ಯೇಕ ಅಧಿಕಾರ ಬೇಕು. 1999ರ ವಲಸೆ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದವರು ವಲಸೆ ಸಲಹೆ ಕೊಡುವುದು ಅಪರಾಧ. ಹಾಗಾಗಿ ಸಲಹೆಗಾರ್ತಿ ತಾವೇ ಹೇಳದೆ ಅರ್ಹತೆ ಇರುವ ಸಹೋದ್ಯೋಗಿಯನ್ನು ಕೇಳಿ ತಿಳಿಸಿದರು. ವೇತನವಿಲ್ಲದೆ ನಾಲ್ಕು ವಾರಕ್ಕಿಂತ ಹೆಚ್ಚು ಗೈರಾದರೆ ಸ್ಪಾನ್ಸರ್‌ಶಿಪ್ ನಿಲ್ಲಿಸಬೇಕೆಂಬ ನಿಯಮ ಇದೆ, ಆದರೆ ಶಾಸನಬದ್ಧ ಹೆರಿಗೆ ರಜೆಗೆ ಅದರಿಂದ ವಿನಾಯಿತಿ ಇದೆ. ಹೆರಿಗೆ ರಜೆ 52 ವಾರದವರೆಗೆ ಸಿಗುತ್ತದೆ ಮತ್ತು ಅದು ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಇರುವ ಹಕ್ಕು. ‘ಗೊತ್ತಿಲ್ಲದ್ದನ್ನು ಗೊತ್ತಿದ್ದವರನ್ನು ಕೇಳಿ ಹೇಳುತ್ತೇನೆ’ ಎಂದ ಆ ಹೆಂಗಸಿನ ಮೇಲೆ ನನಗೆ ಹುಟ್ಟಿದ ಗೌರವ, ಸಾವಿರಾರು ಪೌಂಡ್ ಪಡೆದ ಯಾವ ಏಜೆಂಟರ ಮೇಲೂ ಹುಟ್ಟಿರಲಿಲ್ಲ.

ಆಮೇಲಿನದೆಲ್ಲ ಕಾಗದದ ಕೆಲಸ. ಇಪ್ಪತ್ತು ವಾರ ತುಂಬಿದ ಮೇಲೆ ಮಿಡ್‌ವೈಫ್ ಮ್ಯಾಟ್-ಬಿ1 ಎಂಬ ಪ್ರಮಾಣಪತ್ರ ಕೊಡುತ್ತಾರೆ. ಹೆರಿಗೆಯ ಅಂದಾಜು ದಿನಾಂಕ ಅದರಲ್ಲಿರುತ್ತದೆ. ಮೂಲಪ್ರತಿ ಮಾಲೀಕರಿಗೆ ಕೊಡಬೇಕು, ನಾನು ಮೊದಲು ಫೋಟೊ ತೆಗೆದಿಟ್ಟುಕೊಂಡೆ. ರಜೆ ಯಾವಾಗ ಶುರುವಾಗಬೇಕು, ವೇತನ ಯಾವ ದಿನದಿಂದ ಬೇಕು ಎಂದು ಒಂದು ಇ-ಮೇಲ್ ಬರೆದೆ. ವೇತನಕ್ಕೆ ಕನಿಷ್ಠ 28 ದಿನ ಮುಂಚೆ ತಿಳಿಸಬೇಕು. ಇ-ಮೇಲಿನ ಕೊನೆಯಲ್ಲಿ ಸಲಹೆಗಾರ್ತಿ ಹೇಳಿಕೊಟ್ಟ ಸಾಲು ಸೇರಿಸಿದೆ: ‘ನನಗೆ ಹೆರಿಗೆ ವೇತನದ ಅರ್ಹತೆ ಇಲ್ಲ ಎಂದು ನೀವು ತೀರ್ಮಾನಿಸಿದರೆ, ದಯವಿಟ್ಟು ಎಸ್‌ಎಂಪಿ1 ನಮೂನೆಯನ್ನು ಕಾರಣ ಸಹಿತ ತುಂಬಿ ಕೊಡಿ.’

ಜಗಳವಿಲ್ಲ, ಬೆದರಿಕೆಯಿಲ್ಲ, ವೀಸಾದ ಹೆಸರೂ ಇಲ್ಲ. ಆದರೂ ಇಡೀ ಪ್ರಕರಣದ ಕೀಲಿ ಆ ಸಾಲೇ. ವೇತನ ನಿರಾಕರಿಸುವ ಮಾಲೀಕರು ಆ ನಮೂನೆಯನ್ನು ತೀರ್ಮಾನದ ಏಳು ದಿನದೊಳಗೆ ಕೊಡಲೇಬೇಕು. ಕೆಲಸದ ಅವಧಿ ಸಾಲದು, ಗಳಿಕೆ ಸಾಲದು ಎಂಬಂಥ ಕಾರಣಗಳನ್ನು ಅದರಲ್ಲಿ ಗುರುತು ಮಾಡಬೇಕು. ವೀಸಾದ ಷರತ್ತು ಎಂಬ ಕಾರಣ ಅಲ್ಲಿಲ್ಲ. ಬಾಯಲ್ಲಿ ಹೇಳಿದ್ದನ್ನು ಬರೆಯಲು ಕುಳಿತಾಗ ಬರೆಯುವುದಕ್ಕೆ ಜಾಗವೇ ಇರುವುದಿಲ್ಲ.

ಮೊದಲು ಉತ್ತರ ಬರಲಿಲ್ಲ. ಮ್ಯಾನೇಜರ್ ಕಾರಿಡಾರಿನಲ್ಲಿ ಎದುರಾದಾಗ ನೋಟ ತಪ್ಪಿಸಿದರು. ಆ ದಿನಗಳು ಕಷ್ಟದವು. ಪಾಳಿಯ ಪಟ್ಟಿ ಬಂದಾಗಲೆಲ್ಲ ನನ್ನ ಹೆಸರು ಇದೆಯೇ ಎಂದು ಎದೆ ಬಡಿದುಕೊಳ್ಳುತ್ತಿತ್ತು. ಅಷ್ಟರಲ್ಲಿ ಏಕಾಸ್ ಎಂಬ ಕಾರ್ಮಿಕ ಸಲಹಾ ಸಂಸ್ಥೆಗೆ ಫೋನ್ ಮಾಡಿ ಮುಂದಿನ ಹೆಜ್ಜೆ ಕೇಳಿಟ್ಟುಕೊಂಡೆ. ಮಾಲೀಕರು ಒಪ್ಪದಿದ್ದರೆ ಎಚ್‌ಎಂಆರ್‌ಸಿಯಲ್ಲಿ ಇಂಥ ವ್ಯಾಜ್ಯಗಳಿಗೆಂದೇ ಇರುವ ವಿಭಾಗಕ್ಕೆ ಬರೆಯಬಹುದು, ಅವರ ತೀರ್ಮಾನವನ್ನು ಮಾಲೀಕರು ಪಾಲಿಸಬೇಕು. ಬಸುರಿ ಎಂಬ ಕಾರಣಕ್ಕೆ ಪಾಳಿ ಕಡಿತ ಮಾಡಿದರೆ, ಕೆಲಸದಿಂದ ತೆಗೆದರೆ ಅದು 2010ರ ಸಮಾನತೆ ಕಾಯ್ದೆಯಡಿ ತಾರತಮ್ಯ. ಕಾರ್ಮಿಕ ನ್ಯಾಯಮಂಡಳಿಗೆ ಹೋಗುವವರು ಮೂರು ತಿಂಗಳಿಗೆ ಒಂದು ದಿನ ಕಡಿಮೆ ಇರುವ ಗಡುವಿನೊಳಗೆ ಏಕಾಸ್ ಮೂಲಕ ಪ್ರಕ್ರಿಯೆ ಆರಂಭಿಸಬೇಕು. ಮೆಟರ್ನಿಟಿ ಆಕ್ಷನ್ ಎಂಬ ಸಂಸ್ಥೆ ಇದೇ ವಿಷಯಕ್ಕೆ ಮೀಸಲಾಗಿದೆ ಎಂದೂ ತಿಳಿಯಿತು. ಅವರ ಜಾಲತಾಣದಲ್ಲಿ ವಲಸಿಗ ತಾಯಂದಿರಿಗೆಂದೇ ಬರೆದ ಮಾಹಿತಿ ಇದೆ.

ಇವು ಯಾವುದೂ ಬೇಕಾಗಲಿಲ್ಲ. ಸಂಬಳದ ಲೆಕ್ಕ ನೋಡುವ ಹೊರಗಿನ ಸಂಸ್ಥೆಗೆ ನನ್ನ ಇ-ಮೇಲ್ ಹೋಗಿತ್ತು. ಅವರು ಮ್ಯಾನೇಜರ್‌ಗೆ ಏನು ಹೇಳಿದರೋ, ಒಂದು ಮಧ್ಯಾಹ್ನ ಎರಡು ಸಾಲಿನ ಉತ್ತರ ಬಂತು: ನಿಮಗೆ ಅರ್ಹತೆ ಇದೆ, ಕೇಳಿದ ದಿನಾಂಕದಿಂದ ವೇತನ ಕೊಡಲಾಗುವುದು. ಮೊದಲು ಹೇಳಿದ್ದು ತಪ್ಪು ಎಂದು ಯಾರೂ ಬರೆಯಲಿಲ್ಲ, ನಾನೂ ಕೇಳಲಿಲ್ಲ. ಮೊದಲ ತಿಂಗಳ ಪೇ ಸ್ಲಿಪ್ಪಿನಲ್ಲಿ ಶೇ 90ರ ಲೆಕ್ಕ ಕಡಿಮೆ ಬಿತ್ತು. ಹಳೆಯ ಸ್ಲಿಪ್ಪುಗಳನ್ನು ಲಗತ್ತಿಸಿ ತೋರಿಸಿದ ಮೇಲೆ ಮುಂದಿನ ತಿಂಗಳು ಸರಿಮಾಡಿದರು. ವಾರಕ್ಕೆ ಸುಮಾರು 480 ಪೌಂಡ್ ಗಳಿಸುತ್ತಿದ್ದ ನನಗೆ ಆರು ವಾರ 432, ಆಮೇಲೆ 187.18. ಬಾಡಿಗೆ ಕಟ್ಟಿ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಆದರೂ ಮಗಳಿಗೆ ಮೂರು ತಿಂಗಳು ತುಂಬುವ ಮೊದಲೇ ಅವಳನ್ನು ಬಿಟ್ಟು ಪಾಳಿಗೆ ಓಡಬೇಕಾಗಲಿಲ್ಲ.

ಆ ಷರತ್ತು ನಿಜವಾಗಿಯೂ ಅನ್ವಯಿಸುವ ಜಾಗವನ್ನೂ ಹೇಳಬೇಕು, ಏಕೆಂದರೆ ಅಪಾಯ ಇರುವುದು ಅಲ್ಲಿ. ಇಂಗ್ಲೆಂಡಿನಲ್ಲಿ ಜನನವನ್ನು 42 ದಿನದೊಳಗೆ ನೋಂದಾಯಿಸಬೇಕು. ನೋಂದಣಿ ಮುಗಿದಾಗ ಚೈಲ್ಡ್ ಬೆನಿಫಿಟ್‌ಗೆ ಅರ್ಜಿ ಹಾಕಿ ಎಂಬ ಮಾಹಿತಿ ಎಲ್ಲರ ಕೈಗೂ ಬರುತ್ತದೆ. ನಿಮ್ಮ ವೀಸಾ ಯಾವುದೆಂದು ಕೊಡುವವರು ನೋಡುವುದಿಲ್ಲ. ಮೊದಲ ಮಗುವಿಗೆ ವಾರಕ್ಕೆ (2025-26ರಲ್ಲಿ) 26.05 ಪೌಂಡ್ ಎಂದರೆ ಯಾರಿಗೆ ಬೇಡ? ಆದರೆ ಅದು ಪಟ್ಟಿಯಲ್ಲಿದೆ. ಅಪ್ಪ ಅಮ್ಮ ಇಬ್ಬರೂ ನಮ್ಮಂಥ ವೀಸಾದವರಾದರೆ ಮಗು ಇಲ್ಲಿಯೇ ಹುಟ್ಟಿದ್ದರೂ ಅರ್ಜಿ ಹಾಕುವಂತಿಲ್ಲ, ಹಾಕಿದರೆ ವೀಸಾದ ಷರತ್ತು ಮುರಿದಂತೆ. ಇಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಬ್ರಿಟಿಷ್ ಪ್ರಜೆಯೂ ಆಗುವುದಿಲ್ಲ. 1983ರಿಂದ, ಹೆತ್ತವರಲ್ಲಿ ಒಬ್ಬರಾದರೂ ಬ್ರಿಟಿಷ್ ಪ್ರಜೆಯಾಗಿರಬೇಕು ಅಥವಾ ಇಲ್ಲಿ ಶಾಶ್ವತವಾಗಿ ನೆಲೆಸುವ ಹಕ್ಕು ಪಡೆದಿರಬೇಕು. ಭಾರತೀಯ ಪೌರತ್ವಕ್ಕಾಗಿ ಒಂದು ವರ್ಷದೊಳಗೆ ನಮ್ಮ ದೂತಾವಾಸದಲ್ಲಿ ಜನನ ನೋಂದಾಯಿಸಿ ಪಾಸ್‌ಪೋರ್ಟ್ ಮಾಡಿಸಬೇಕು. ಅದನ್ನು ಮುಂದೂಡಬೇಡಿ.

ಪಟ್ಟಿಯ ಹೊರಗೆ ಉಳಿದವು ಇನ್ನೂ ಇವೆ. ಬಸುರಿಯಾದಾಗಿನಿಂದ ಹೆರಿಗೆಯಾಗಿ ಒಂದು ವರ್ಷದವರೆಗೆ ಔಷಧಿ ಚೀಟಿಗೆ ಹಣವಿಲ್ಲ. ಇಲ್ಲದಿದ್ದರೆ ಒಂದೊಂದು ಔಷಧಿಗೆ (2025-26ರಲ್ಲಿ) 9.90 ಪೌಂಡ್. ಮಿಡ್‌ವೈಫ್‌ಗೆ ಹೇಳಿದರೆ ವಿನಾಯಿತಿ ಪ್ರಮಾಣಪತ್ರ ಮಾಡಿಸಿಕೊಡುತ್ತಾರೆ, ಹಲ್ಲಿನ ಚಿಕಿತ್ಸೆಗೂ ಅದು ನಡೆಯುತ್ತದೆ. ಮಗುವಿಗೆ ಮೂರು ತುಂಬಿದ ಮೇಲೆ ವಾರಕ್ಕೆ 15 ಗಂಟೆಯ ಶಿಶುವಿಹಾರ ಎಲ್ಲರಿಗೂ ಉಚಿತ. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ಕೌನ್ಸಿಲ್ ತೆರಿಗೆಯಲ್ಲಿ ಶೇ 25 ರಿಯಾಯಿತಿ ಕೇಳಬಹುದು. ಮೇಲೆ ಹೇಳಿದ ಕಡಿತ ಬೇರೆ, ಈ ರಿಯಾಯಿತಿ ಬೇರೆ. ಕೆಲಸ, ಮನೆ ಎಲ್ಲ ಹೋಗಿ ಮಕ್ಕಳೊಂದಿಗೆ ಬೀದಿಗೆ ಬೀಳುವ ಸ್ಥಿತಿ ಬಂದವರಿಗೆ 1989ರ ಮಕ್ಕಳ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ ಸ್ಥಳೀಯ ಕೌನ್ಸಿಲ್ ನೆರವಾಗಬಹುದು. ಅದೂ ಪಬ್ಲಿಕ್ ಫಂಡ್ಸ್ ಲೆಕ್ಕಕ್ಕೆ ಬರುವುದಿಲ್ಲ. ಸ್ಪಾನ್ಸರ್ ಸಂಸ್ಥೆಗಳು ಪರವಾನಗಿ ಕಳೆದುಕೊಂಡು ಬಾಗಿಲು ಮುಚ್ಚುತ್ತಿರುವ ಈ ಕಾಲದಲ್ಲಿ ಇದು ಗೊತ್ತಿರುವುದು ಅಗತ್ಯ.

ನನ್ನ ವಿಷಯ ತಿಳಿದ ಮೇಲೆ ಬೇರೆ ಊರಿನ ಕೇರ್ ಹೋಮುಗಳಿಂದ ಹೆಣ್ಣುಮಕ್ಕಳು ಫೋನ್ ಮಾಡುತ್ತಾರೆ. ಎಲ್ಲರಿಗೂ ಸಿಕ್ಕ ಉತ್ತರ ಅದೇ, ‘ನಿನ್ನ ವೀಸಾ ಬಿಡುವುದಿಲ್ಲ.’ ಒಬ್ಬಳ ಕೆಲಸವೇ ಹೋಗಿತ್ತು. ಹೆರಿಗೆಗೆ 15 ವಾರ ಮೊದಲಿನ ಆ ವಾರದಲ್ಲಿ ಕೆಲಸದಲ್ಲಿದ್ದವರಿಗೆ, ಆಮೇಲೆ ಕೆಲಸ ಹೋದರೂ ವೇತನ ಸಲ್ಲುತ್ತದೆ ಎಂದು ತಿಳಿದಾಗ ಅವಳು ಫೋನಿನಲ್ಲೇ ಅತ್ತಳು. ನಾನು ಯಾರಿಗೂ ಕಾನೂನು ಹೇಳಲು ಹೋಗುವುದಿಲ್ಲ. ಸಿಟಿಜನ್ಸ್ ಅಡ್ವೈಸ್‌ನ 0800 144 8848 ಮತ್ತು ಏಕಾಸ್‌ನ 0300 123 1100, ಈ ಎರಡು ಸಂಖ್ಯೆ ಕೊಡುತ್ತೇನೆ. ಪೇ ಸ್ಲಿಪ್ಪುಗಳು, ಕೆಲಸದ ಒಪ್ಪಂದ, ಮ್ಯಾಟ್-ಬಿ1, ಮ್ಯಾನೇಜರ್ ಜೊತೆಗಿನ ಸಂದೇಶಗಳು, ಇ-ವೀಸಾದ ಪ್ರತಿ ಎದುರಿಗಿಟ್ಟುಕೊಂಡು ಕರೆ ಮಾಡಿ ಎನ್ನುತ್ತೇನೆ. ಕನ್ನಡ ದುಭಾಷಿ ಬೇಕೆಂದು ಮೊದಲ ಮಾತಿನಲ್ಲೇ ಕೇಳಿ, ಅದಕ್ಕೂ ಹಣ ಕೊಡಬೇಕಾಗಿಲ್ಲ.